ವಲಯ ಬದಲಾವಣೆ: ಶಾಸನವೋ, ತೀರ್ಪೋ? ನಗರಸಭೆಗಳ ನಿರ್ಧಾರ ಕ್ರಮದ ಚರಿತ್ರೆ

ಪೀಠಿಕೆ

ನಗರದ ನಕ್ಷೆಯಲ್ಲಿ ವಸತಿಗೆಂದು ಗುರುತಾದ ಜಾಗದಲ್ಲಿ ಮಳಿಗೆಯನ್ನೋ ಆಸ್ಪತ್ರೆಯನ್ನೋ ಬಹುಮಹಡಿ ಕಟ್ಟಡವನ್ನೋ ಕಟ್ಟಲು ಮಾಲೀಕ ಅನುಮತಿ ಕೇಳುತ್ತಾನೆ. ಅದಕ್ಕೆ ಆ ಜಾಗದ ವಲಯವೇ ಬದಲಾಗಬೇಕು. ಈ ಅರ್ಜಿಯನ್ನು ಕೈಗೆತ್ತಿಕೊಳ್ಳುವ ಸಭೆ ಮಾಡುವ ಕೆಲಸ ಯಾವ ಬಗೆಯದು? ಇಡೀ ಊರಿಗೆ ಅನ್ವಯಿಸುವ ಕಾನೂನು ಮಾಡುವ ಸದಸ್ಯರು ಮತದಾರರಿಗೆ ಉತ್ತರ ಕೊಟ್ಟರೆ ಸಾಕು. ನಿರ್ದಿಷ್ಟ ವ್ಯಕ್ತಿಗಳ ಹಕ್ಕನ್ನು ನಿರ್ಣಯಿಸುವವರು ಎರಡೂ ಕಡೆಯವರ ಮಾತು ಕೇಳಬೇಕು, ಸಾಕ್ಷ್ಯ ತೂಗಬೇಕು, ಕಾರಣ ಬರೆದಿಡಬೇಕು. ವಲಯ ಪದ್ಧತಿ ವ್ಯಾಪಕವಾಗಿ ಬೆಳೆದ ಅಮೆರಿಕದಲ್ಲಿ ಈ ಪ್ರಶ್ನೆ ಸುಮಾರು ನೂರು ವರ್ಷಗಳಿಂದ ನ್ಯಾಯಾಲಯಗಳ ಮುಂದಿದೆ. ಒಂದೇ ಜಾಗದ ವಲಯ ಬದಲಾವಣೆ ಸ್ವಭಾವತಃ ತೀರ್ಪಿನಂಥದು, ಅದನ್ನು ಬರೀ ಮತ ಎಣಿಕೆಗೆ ಬಿಟ್ಟಲ್ಲೆಲ್ಲ ದುರ್ಬಲರು ಅಪಾಯಕ್ಕೆ ಸಿಲುಕುತ್ತಾರೆ ಎಂಬುದು ಈ ಲೇಖನದ ವಾದ.

ಚೌಕಟ್ಟು ರೂಪುಗೊಂಡ ಬಗೆ: 1916–1928

ಜರ್ಮನಿಯ ಫ್ರಾಂಕ್‌ಫರ್ಟ್ ನಗರ 1891ರಲ್ಲೇ ಕಟ್ಟಡ ನಿಯಮಗಳನ್ನು ವಲಯಗಳಾಗಿ ವಿಂಗಡಿಸಿತ್ತು. ಅಮೆರಿಕದಲ್ಲಿ ಇಡೀ ನಗರವನ್ನು ಒಳಗೊಂಡ ಮೊದಲ ಸಮಗ್ರ ವಲಯ ನಿಯಮ ನ್ಯೂಯಾರ್ಕ್‌ನದು. 1915ರಲ್ಲಿ ಮ್ಯಾನ್‌ಹ್ಯಾಟನ್‌ನ ಬ್ರಾಡ್‌ವೇ ಬೀದಿಯಲ್ಲಿ ಎದ್ದ ಈಕ್ವಿಟಬಲ್ ಕಟ್ಟಡ ಅಕ್ಕಪಕ್ಕದವರ ಗಾಳಿ ಬೆಳಕನ್ನು ತಡೆದಿತ್ತು. ಅದರ ವಿರುದ್ಧ ಎದ್ದ ಕೂಗೂ ಕಾರಣವಾಗಿ, ಮರುವರ್ಷ ಆ ನಿಯಮ ಜಾರಿಗೆ ಬಂತು. ಆದರೆ ವಲಯದ ಹೆಸರಿನಲ್ಲಿ ಜನಾಂಗೀಯ ಬೇಲಿ ಹಾಕುವ ಪ್ರಯತ್ನಗಳೂ ಅದೇ ಕಾಲದಲ್ಲಿ ನಡೆದವು. ಕೆಂಟಕಿಯ ಲೂಯಿವಿಲ್ ನಗರದ ಅಂಥ ನಿಯಮವನ್ನು 1917ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರದ್ದುಮಾಡಿತು.

ಮುಂದೆ ಹರ್ಬರ್ಟ್ ಹೂವರ್ ಮುಖ್ಯಸ್ಥರಾಗಿದ್ದ ವಾಣಿಜ್ಯ ಇಲಾಖೆ 1920ರ ದಶಕದ ನಡುವೆ ರಾಜ್ಯಗಳಿಗಾಗಿ ಒಂದು ಮಾದರಿ ಕಾಯ್ದೆ ಸಿದ್ಧಪಡಿಸಿತು. ಇಂದಿಗೂ ಹಲವು ರಾಜ್ಯಗಳ ಕಾನೂನಿಗೆ ಅದೇ ತಳಹದಿ. ವಲಯ ಬದಲಿಸುವ ಮುನ್ನ ಕನಿಷ್ಠ 15 ದಿನಗಳ ಪತ್ರಿಕಾ ಪ್ರಕಟಣೆ ಕೊಟ್ಟು ಸಾರ್ವಜನಿಕ ವಿಚಾರಣೆ ನಡೆಸಬೇಕೆಂದು ಅದು ವಿಧಿಸಿತು. ಬದಲಾಗಲಿರುವ ಜಾಗದ ಅಥವಾ ಅದಕ್ಕೆ ತಾಗಿದ ಜಾಗದ ಶೇ. 20ರಷ್ಟು ವಿಸ್ತೀರ್ಣದ ಮಾಲೀಕರು ಆಕ್ಷೇಪಿಸಿದರೆ ಸಾಮಾನ್ಯ ಬಹುಮತ ಸಾಲದು, ಒಟ್ಟು ಸದಸ್ಯರಲ್ಲಿ ನಾಲ್ಕನೇ ಮೂರು ಪಾಲಿನ ಒಪ್ಪಿಗೆ ಬೇಕು. ನೆರೆಯವರಿಗೆ ಹೀಗೆ ಬಲವಾದ ಅಸ್ತ್ರ ಸಿಕ್ಕಿತು. ಆದರೆ ನಿರ್ಧಾರಕ್ಕೆ ಕಾರಣ ಕೊಡಬೇಕೆಂಬ ಷರತ್ತು ಅದರಲ್ಲಿರಲಿಲ್ಲ. ಈ ಕೊರತೆಯ ಪರಿಣಾಮ ಮುಂದಿನ ದಶಕಗಳಲ್ಲಿ ಕಾಣಿಸಿತು.

ವಲಯ ಪದ್ಧತಿಗೆ ಸಂವಿಧಾನದ ಮುದ್ರೆ ಒತ್ತಿದ್ದು ಓಹಾಯೊ ರಾಜ್ಯದ ಯೂಕ್ಲಿಡ್ ಪ್ರಕರಣ. ಕ್ಲೀವ್‌ಲ್ಯಾಂಡ್ ಪಕ್ಕದ ಈ ಊರಿನಲ್ಲಿ 68 ಎಕರೆ ಭೂಮಿ ಹೊಂದಿದ್ದ ಆಂಬ್ಲರ್ ರಿಯಾಲ್ಟಿ ಕಂಪನಿ, ಕೈಗಾರಿಕೆಗೆ ಎಕರೆಗೆ 10,000 ಡಾಲರ್ ಬಾಳುವ ತನ್ನ ನೆಲ ವಸತಿಗೆ ಸೀಮಿತವಾದರೆ 2,500 ಡಾಲರಿಗೆ ಇಳಿಯುತ್ತದೆ ಎಂದು ವಾದಿಸಿತು. 1926ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಊರಿನ ಪರವಾಗಿ ತೀರ್ಪು ಕೊಟ್ಟಿತು. ಅದನ್ನು ಬರೆದವರು ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್. ಎರಡೇ ವರ್ಷಗಳಲ್ಲಿ, ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ನಗರದ ನೆಕ್ಟೊ ಪ್ರಕರಣದಲ್ಲಿ ಅವರೇ ಇನ್ನೊಂದು ಮಗ್ಗುಲನ್ನು ತೋರಿಸಿದರು. ಫೋರ್ಡ್ ಕಾರು ಜೋಡಣಾ ಕಾರ್ಖಾನೆಯೂ ಸಾಬೂನು ಕಾರ್ಖಾನೆಯೂ ಹತ್ತಿರವಿದ್ದ ಜಮೀನಿನ ನೂರು ಅಡಿ ಅಗಲದ ಪಟ್ಟಿಯನ್ನು ನಗರ ವಸತಿ ವಲಯಕ್ಕೆ ಸೇರಿಸಿತ್ತು. ಅದರಿಂದ ಸಾರ್ವಜನಿಕರಿಗೆ ಪ್ರಯೋಜನವಿಲ್ಲವೆಂದು ಕೋರ್ಟ್ ಅದನ್ನು ತಳ್ಳಿಹಾಕಿತು. ಇಡೀ ನಕ್ಷೆ ಸಿಂಧುವಾದರೂ ಒಂದು ತುಂಡು ನೆಲದ ಮಟ್ಟಿಗೆ ಅದು ಅನ್ಯಾಯವಾಗಬಹುದು ಎಂಬ ತಿಳಿವಳಿಕೆ ಅಲ್ಲಿಂದ ಬೇರೂರಿತು.

ಆರ್ಲಿಂಗ್ಟನ್ ಹೈಟ್ಸ್: ವಿಚಾರಣೆಯ ಒಳನೋಟ

ಮತ ಎಣಿಕೆಯಷ್ಟರಿಂದಲೇ ವಲಯ ಬದಲಾವಣೆಯ ಅರ್ಜಿ ತೀರ್ಮಾನವಾದಾಗ ಏನಾಗುತ್ತದೆ ಎಂಬುದಕ್ಕೆ ಶಿಕಾಗೊ ಹೊರವಲಯದ ಆರ್ಲಿಂಗ್ಟನ್ ಹೈಟ್ಸ್ ಉದಾಹರಣೆ. 1970ರ ಜನಗಣತಿಯಂತೆ ಅಲ್ಲಿನ 64,000 ನಿವಾಸಿಗಳಲ್ಲಿ ಕಪ್ಪು ಜನರು ಕೇವಲ 27. ಕ್ರೈಸ್ತ ಧಾರ್ಮಿಕ ಸಂಘವೊಂದಕ್ಕೆ ಸೇರಿದ 15 ಎಕರೆಯಲ್ಲಿ ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ 190 ಮನೆ ಕಟ್ಟಲು ಲಾಭರಹಿತ ಸಂಸ್ಥೆಯೊಂದು ಮುಂದಾಯಿತು. ಒಂಟಿ ಮನೆಗಳ ವಲಯವನ್ನು ಬಹುಕುಟುಂಬ ವಲಯವಾಗಿಸಿ ಎಂಬುದು ಅರ್ಜಿ.

1971ರಲ್ಲಿ ಯೋಜನಾ ಆಯೋಗ ಮೂರು ಸಾರ್ವಜನಿಕ ಸಭೆ ನಡೆಸಿತು. ನೆರೆದ ಜನರಲ್ಲಿ ಹೆಚ್ಚಿನವರು ವಿರೋಧಿಗಳು. ಈ ವಲಯವನ್ನು ನಂಬಿ ಮನೆ ಕೊಂಡಿದ್ದೇವೆ, ಆಸ್ತಿಯ ಬೆಲೆ ಇಳಿಯುತ್ತದೆ ಎಂದರು ಕೆಲವರು. ಬಹುಕುಟುಂಬ ವಲಯ ಇರಬೇಕಾದದ್ದು ವಾಣಿಜ್ಯ ಪ್ರದೇಶಕ್ಕೂ ಒಂಟಿ ಮನೆಗಳಿಗೂ ನಡುವಿನ ತಡೆಪಟ್ಟಿಯಾಗಿ, ಊರಿನ ನೀತಿ ಅದೇ ಎಂದರು ಇನ್ನು ಕೆಲವರು. ಅಲ್ಲಿಗೆ ಯಾರು ಬಂದು ನೆಲೆಸುತ್ತಾರೆಂಬ ಮಾತೂ ಬಹಿರಂಗವಾಗಿಯೇ ಬಂತು. ಆಯೋಗ ನಿರಾಕರಣೆಗೆ ಶಿಫಾರಸು ಮಾಡಿತು. ಸೆಪ್ಟೆಂಬರ್ 28ರಂದು ಆಡಳಿತ ಮಂಡಳಿ ಆರಕ್ಕೆ ಒಂದು ಮತದಿಂದ ಅರ್ಜಿಯನ್ನು ತಿರಸ್ಕರಿಸಿತು.

1977ರಲ್ಲಿ ಸುಪ್ರೀಂ ಕೋರ್ಟ್, ತಾರತಮ್ಯದ ಪರಿಣಾಮ ಕಂಡರೆ ಸಾಲದು, ಉದ್ದೇಶವೂ ಸಾಬೀತಾಗಬೇಕು, ಇಲ್ಲಿ ಅದು ಆಗಿಲ್ಲ ಎಂದಿತು. ಉದ್ದೇಶವನ್ನು ಎಲ್ಲಿ ಹುಡುಕಬೇಕೆಂಬುದನ್ನೂ ಹೇಳಿತು: ನಿರ್ಧಾರದ ಹಿನ್ನೆಲೆ, ಘಟನೆಗಳ ಅನುಕ್ರಮ, ವಾಡಿಕೆಯ ಕ್ರಮದಿಂದ ಸರಿದ ಸಂದರ್ಭಗಳು, ಸಭಾ ನಡಾವಳಿ. ಕಾರಣ ಬರೆಯದ ಸಭೆಯ ಮನಸ್ಸನ್ನು ನಡಾವಳಿಯ ಚೂರುಗಳಿಂದ ಊಹಿಸಬೇಕಾದ ಹೊರೆ ಬಿದ್ದದ್ದು ಮನೆ ಸಿಗದವರ ಮೇಲೆ. 1980ರಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಮನೆಗಳಿಗೆ ಬೇರೆ ಜಾಗ ಗೊತ್ತಾಯಿತು. ಅಷ್ಟರಲ್ಲಿ ಒಂಬತ್ತು ವರ್ಷ ಕಳೆದಿದ್ದವು.

ಒರೆಗಾನ್ ತೆರೆದ ದಾರಿ

ಬರೀ ಮತ ಎಣಿಕೆಗೆ ಪರ್ಯಾಯ ರೂಪುಗೊಂಡದ್ದು 1973ರಲ್ಲಿ, ಒರೆಗಾನ್ ಸುಪ್ರೀಂ ಕೋರ್ಟಿನ ಫಸಾನೊ ತೀರ್ಪಿನಲ್ಲಿ. ವಾಷಿಂಗ್ಟನ್ ಕೌಂಟಿಯ ಆಯುಕ್ತರ ಮಂಡಳಿ 32 ಎಕರೆಯ ವಲಯ ಬದಲಿಸಿ ಮೊಬೈಲ್ ಮನೆಗಳ ಬಡಾವಣೆಗೆ ದಾರಿ ಮಾಡಿತ್ತು. ನೆರೆಯ ಮನೆಮಾಲೀಕರು ಅದನ್ನು ಪ್ರಶ್ನಿಸಿದರು. ಎಲ್ಲರಿಗೂ ಅನ್ವಯಿಸುವ ನೀತಿ ಮಾಡುವುದು ಶಾಸನ, ಆ ನೀತಿಯನ್ನು ನಿರ್ದಿಷ್ಟ ಜಾಗಕ್ಕೆ ಅನ್ವಯಿಸುವುದು ನ್ಯಾಯನಿರ್ಣಯ ಎಂದು ಕೋರ್ಟ್ ಗೆರೆ ಎಳೆಯಿತು. ಬದಲಾವಣೆ ದೊಡ್ಡದಾದಷ್ಟೂ ಅರ್ಜಿದಾರನ ರುಜುವಾತಿನ ಹೊಣೆ ಹೆಚ್ಚಬೇಕು. ಎರಡೂ ಕಡೆಯವರಿಗೆ ಸಾಕ್ಷ್ಯ ಮಂಡಿಸುವ, ಅಲ್ಲಗಳೆಯುವ ಅವಕಾಶ ಇರಬೇಕು. ತೀರ್ಮಾನಿಸುವವರು ಯಾವ ಕಡೆಯವರೊಂದಿಗೂ ಒಳಗಿಂದೊಳಗೆ ಮಾತಾಡಿರಬಾರದು. ಕಾರಣಸಹಿತ ನಿಷ್ಕರ್ಷೆಗಳು ದಾಖಲಾಗಬೇಕು. ಮುಂದೆ ಒರೆಗಾನ್‌ನಲ್ಲೇ ಕೆಲವು ಷರತ್ತುಗಳು ಸಡಿಲವಾದರೂ ತಿರುಳು ಉಳಿಯಿತು. 1993ರಲ್ಲಿ ಫ್ಲಾರಿಡಾ ಸುಪ್ರೀಂ ಕೋರ್ಟ್ ಕೂಡ ಇದೇ ಹಾದಿ ಹಿಡಿಯಿತು.

ಎಲ್ಲ ರಾಜ್ಯಗಳೂ ಒಪ್ಪಲಿಲ್ಲ. ಜಾಗ ಎಷ್ಟೇ ಚಿಕ್ಕದಿರಲಿ, ವಲಯ ಬದಲಾವಣೆ ಶಾಸನವೇ ಎಂದಿತು 1980ರಲ್ಲಿ ಕ್ಯಾಲಿಫೋರ್ನಿಯಾ. ಓಹಾಯೊದ ಈಸ್ಟ್‌ಲೇಕ್ ಇನ್ನೂ ಮುಂದೆ ಹೋಗಿ, ಇಂಥ ಬದಲಾವಣೆಗಳಿಗೆ ಜನಮತಗಣನೆಯಲ್ಲಿ ಶೇ. 55 ಮತ ಬೇಕೆಂದು ವಿಧಿಸಿತು. 1976ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಒಬ್ಬನ ಜಮೀನಿನ ಪ್ರಶ್ನೆಯನ್ನು ಹೀಗೆ ತೀರ್ಮಾನಿಸುವುದು ನ್ಯಾಯಸಮ್ಮತವಲ್ಲ ಎಂದು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಭಿನ್ನಮತ ಬರೆದರು. ನನ್ನ ದೃಷ್ಟಿಯಲ್ಲಿ ಈ ಭಿನ್ನಮತವೇ ಸರಿ. ಸಾವಿರಾರು ಮತದಾರರು ಪರಸ್ಪರರ ಮಾತು ಕೇಳದೆ, ಸಾಕ್ಷ್ಯ ನೋಡದೆ ಒತ್ತುವ ಗುರುತಿಗೆ ಕಾರಣ ಕೇಳುವ ದಾರಿಯೇ ಇಲ್ಲ.

ಕರ್ನಾಟಕದ ಅನುಭವ

ನಮ್ಮಲ್ಲಿ ಈ ಅಧಿಕಾರ ಮೊದಲಿನಿಂದಲೂ ಚುನಾಯಿತ ನಗರಸಭೆಯ ಕೈಯಲ್ಲಿ ನೆಲೆಗೊಳ್ಳಲಿಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಅದನ್ನು ಯೋಜನಾ ಪ್ರಾಧಿಕಾರಗಳಿಗೆ ಕೊಟ್ಟಿತು. ಬೆಂಗಳೂರಿನಲ್ಲಿ ದಶಕಗಳ ಕಾಲ ಅದನ್ನು ಚಲಾಯಿಸಿದ್ದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ). 1991ರಲ್ಲಿ ಆ ಕಾಯ್ದೆಗೆ ಸೇರಿದ 14-ಎ ಕಲಮಿನಂತೆ ಭೂ ಬಳಕೆ ಬದಲಾವಣೆಗೆ ಸರ್ಕಾರದ ಪೂರ್ವಾನುಮತಿ ಬೇಕು, ಅದು ಸಾರ್ವಜನಿಕ ಹಿತಕ್ಕೆ ಇರಬೇಕು, ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಆಹ್ವಾನಿಸಬೇಕು. ಸಂವಿಧಾನದ 74ನೇ ತಿದ್ದುಪಡಿ ನಗರ ಯೋಜನೆಯನ್ನೂ ಭೂ ಬಳಕೆಯ ನಿಯಂತ್ರಣವನ್ನೂ ಹನ್ನೆರಡನೇ ಅನುಸೂಚಿಯ ಮೊದಲೆರಡು ವಿಷಯಗಳಾಗಿ ಇಟ್ಟಿತಾದರೂ ಯೋಜನಾಧಿಕಾರ ಪಾಲಿಕೆಗೆ ಪೂರ್ಣವಾಗಿ ದಾಟಲಿಲ್ಲ.

1991ರಲ್ಲೇ ಭಾರತದ ಸುಪ್ರೀಂ ಕೋರ್ಟ್ ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವನ್ನು ತೀರ್ಮಾನಿಸಿತು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ಜಾಗ ಮುಖ್ಯಮಂತ್ರಿಯ ಆದೇಶದ ಮೇರೆಗೆ ಖಾಸಗಿ ಆಸ್ಪತ್ರೆಗೆ ಹಂಚಿಕೆಯಾಗಿತ್ತು. ಪ್ರಾಧಿಕಾರ ತನ್ನ ವಿವೇಚನೆ ಬಳಸದೆ ಮೇಲಿನವರ ಸೂಚನೆಗೆ ತಲೆಬಾಗುವಂತಿಲ್ಲ, ಬಡಾವಣೆಯ ನಿವಾಸಿಗಳಿಗೆ ಇದನ್ನು ಪ್ರಶ್ನಿಸುವ ಹಕ್ಕಿದೆ ಎಂದು ಹೇಳಿದ ಕೋರ್ಟ್, ಹಂಚಿಕೆಯನ್ನು ರದ್ದುಗೊಳಿಸಿದ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿಯಿತು. ಒರೆಗಾನ್‌ನ ಪ್ರಶ್ನೆ ಚುನಾಯಿತ ಮಂಡಳಿಯದು, ಬೆಂಗಳೂರಿನದು ಆಡಳಿತಾಧಿಕಾರದ್ದು. ಎರಡು ತೀರ್ಪುಗಳೂ ಕೇಳಿದ್ದು ಮಾತ್ರ ಒಂದನ್ನೇ: ನಿರ್ಧರಿಸುವವರು ತಾವೇ ಯೋಚಿಸಿ ನಿರ್ಧರಿಸಬೇಕು.

ಉಪಸಂಹಾರ

ಈ ಚರಿತ್ರೆಯಲ್ಲಿ ಒಳಿತು ಸದಾ ಒಂದೇ ಕಡೆ ಇರಲಿಲ್ಲ. ಆರ್ಲಿಂಗ್ಟನ್ ಹೈಟ್ಸ್‌ನಲ್ಲಿ ನೆರೆಯವರ ಆಕ್ಷೇಪ ಬಡವರ ಮನೆಗೆ ಅಡ್ಡ ಬಂತು, ರಾಜಮಹಲ್ ವಿಲಾಸ್‌ನಲ್ಲಿ ಅದೇ ಆಕ್ಷೇಪ ಉದ್ಯಾನವನ್ನು ಉಳಿಸಿತು. ಆದ್ದರಿಂದ ನೆರೆಯವರಿಗೆ ವೀಟೊ ಕೊಡುವುದಾಗಲಿ, ಅವರ ದನಿ ಅಡಗಿಸುವುದಾಗಲಿ ಪರಿಹಾರವಲ್ಲ. ಬರೀ ಆಕ್ಷೇಪಣೆ ಸ್ವೀಕರಿಸಿ ಕಡತಕ್ಕೆ ಸೇರಿಸಿದರೂ ಸಾಲದು. ಪ್ರತಿಯೊಂದು ಮುಖ್ಯ ಆಕ್ಷೇಪಕ್ಕೂ ಉತ್ತರ ಕೊಡುವ, ಮಹಾಯೋಜನೆಯ ಯಾವ ಅಂಶಕ್ಕೆ ಬದಲಾವಣೆ ಹೊಂದುತ್ತದೆಂದು ತೋರಿಸುವ ಲಿಖಿತ ಆದೇಶ ಕಡ್ಡಾಯವಾಗಬೇಕು. ಅಂಥ ಆದೇಶವಿದ್ದರೆ ಸೋತವನಿಗೂ ಮೇಲ್ಮನವಿಗೆ ಆಧಾರ ಸಿಗುತ್ತದೆ, ಸಭೆಯೂ ತನ್ನ ಪೂರ್ವಗ್ರಹವನ್ನು ತಾನೇ ಎದುರಿಸಬೇಕಾಗುತ್ತದೆ. 14-ಎ ಕಲಮಿಗೆ ಈ ಒಂದು ಷರತ್ತನ್ನು ಸ್ಪಷ್ಟ ಮಾತಿನಲ್ಲಿ ಸೇರಿಸುವುದು ಕರ್ನಾಟಕದ ಶಾಸಕಾಂಗ ಇಂದೇ ಮಾಡಬಹುದಾದ ಕೆಲಸ.