ತಾಳಿಕೆ

‘ತಾಳು, ತಾಳು’ ಎಂದು ಅವಸರದವರನ್ನು ತಡೆಯುವ ಕ್ರಿಯಾಪದದಿಂದಲೇ ತಾಳ್ಮೆಯೂ ತಾಳಿಕೆಯೂ ಹುಟ್ಟಿದ್ದು. ಸೀರೆಯ ಅಂಚು ಎಳೆದು ನೋಡಿ ‘ತಾಳಿಕೆ ಬರುತ್ತಾ?’ ಎನ್ನುತ್ತೇವೆ. ಆಂಟಿಬಯಾಟಿಕ್ ಬಿದ್ದರೂ ಸಾಯದ ಬ್ಯಾಕ್ಟೀರಿಯಾದ ಗುಣಕ್ಕೆ ‘ಸಹಿಷ್ಣುತೆ’ ಎನ್ನುವುದುಂಟು; ನನಗದು ತೀರ ಸಾಧು ಪದ, ತಾಳಿಕೆಯೇ ವಾಸಿ. ಪ್ರತಿರೋಧವೆಂದರೆ ಔಷಧದ ನಡುವೆಯೇ ಬೆಳೆಯುವುದು. ತಾಳಿಕೆ ಹಾಗಲ್ಲ: ಸಾಮಾನ್ಯವಾಗಿ ಬೆಳವಣಿಗೆ ತಗ್ಗಿಸಿ, ಉಸಿರು ಬಿಗಿಹಿಡಿದವರಂತೆ ಕೂತು, ಔಷಧ ಇಳಿದ ಮೇಲೆ ಏಳುವುದು. 1944ರಲ್ಲಿ ಡಬ್ಲಿನ್‌ನ ಬ್ಯಾಕ್ಟೀರಿಯಾ ತಜ್ಞ ಜೋಸೆಫ್ ಬಿಗ್ಗರ್, ಪೆನಿಸಿಲಿನ್‌ಗೆ ಸಾಯದೆ ಉಳಿದ ಸ್ಟ್ಯಾಫಿಲೊಕಾಕಸ್‌ಗಳನ್ನು ಬೆಳೆಸಿ ನೋಡಿದರೆ, ಅವುಗಳ ಸಂತಾನ ಅದೇ ಪೆನಿಸಿಲಿನ್‌ಗೆ ಸಾಯುತ್ತಿತ್ತು! ಉಳಿದವಕ್ಕೆ ‘ಪರ್ಸಿಸ್ಟರ್’ ಎಂದು ಹೆಸರಿಟ್ಟರು. ಕ್ಷಯದ ಕೆಮ್ಮು ವಾರಗಳಲ್ಲಿ ತಗ್ಗಿದರೂ ಸಾಮಾನ್ಯವಾಗಿ 6 ತಿಂಗಳು ಮಾತ್ರೆ ನುಂಗಬೇಕಾಗುವುದು ಬಹುಮಟ್ಟಿಗೆ ಇಂಥ ತಾಳಿಕೆಯ ರೋಗಾಣುಗಳಿಗಾಗಿ. ನಡುವೆ ಬಿಟ್ಟವರಿಗೆ ಕ್ಷಯ ಮರುಕಳಿಸುವುದುಂಟು.