ಮಹಾಮಾರಿಯ ನಂತರ ಸಂಘ-ಸಂಸ್ಥೆಗಳ ಸಮ್ಮೇಳನ: ಯೋಜನೆ ಮತ್ತು ನಿರ್ವಹಣೆ

ಬೆಂಗಳೂರು: 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು 2020ರ ಫೆಬ್ರುವರಿ 5ರಿಂದ 7ರವರೆಗೆ ಕಲಬುರಗಿಯಲ್ಲಿ ಕವಿ ಎಚ್.ಎಸ್. ವೆಂಕಟೇಶಮೂರ್ತಿ ಅವರ ಅಧ್ಯಕ್ಷತೆಯಲ್ಲಿ ನೆರವೇರಿತು. ಸುಮಾರು ಒಂದು ತಿಂಗಳ ಬಳಿಕ, ಮಾರ್ಚ್ 10ರಂದು, ದೇಶದ ಮೊದಲ ಕೋವಿಡ್ ಸಾವು ಅದೇ ಕಲಬುರಗಿಯಲ್ಲಿ ಸಂಭವಿಸಿತು. ಮರುದಿನವೇ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್-19 ಜಾಗತಿಕ ಮಹಾಮಾರಿಯ ಸ್ವರೂಪ ತಳೆದಿದೆ ಎಂದು ಸಾರಿತು. ಮುಂದಿನ ಸಾಹಿತ್ಯ ಸಮ್ಮೇಳನಕ್ಕೆ ನಾಡು ಸುಮಾರು ಮೂರು ವರ್ಷ ಕಾಯಬೇಕಾಯಿತು.

ಹಾವೇರಿಯ ಪಾಠ

86ನೇ ಸಮ್ಮೇಳನ 2021ರ ಫೆಬ್ರುವರಿ ಅಂತ್ಯದಲ್ಲಿ ಹಾವೇರಿಯಲ್ಲಿ ನಡೆಯಬೇಕಿತ್ತು. ಸರ್ವಾಧ್ಯಕ್ಷರಾಗಿ ಕವಿ ದೊಡ್ಡರಂಗೇಗೌಡರ ಆಯ್ಕೆಯೂ ಆಗಿತ್ತು. ಸೋಂಕಿನ ಕಾರಣ ಸಮ್ಮೇಳನ ಮುಂದೂಡಲ್ಪಟ್ಟು, ದಿನಾಂಕ ಮತ್ತೆ ಮತ್ತೆ ಬದಲಾಗಿ, ಅಂತಿಮವಾಗಿ 2023ರ ಜನವರಿ 6ರಿಂದ 8ರವರೆಗೆ ನೆರವೇರಿತು. ಈ ನಡುವೆ ಕನ್ನಡ ಸಾಹಿತ್ಯ ಪರಿಷತ್ತಿನ ಚುನಾವಣೆಯೂ ತಡವಾಯಿತು. 2021ರ ಮೇ 9ಕ್ಕೆ ನಿಗದಿಯಾಗಿದ್ದ ಮತದಾನ ನವೆಂಬರ್ 21ರಂದು ನಡೆಯಿತು. ಅಂದರೆ ಸಮ್ಮೇಳನವನ್ನು ಯೋಜಿಸಿದ ಪದಾಧಿಕಾರಿಗಳು ಒಬ್ಬರು, ನಡೆಸಿದವರು ಇನ್ನೊಬ್ಬರು. ಕಡತ, ಕರಾರು, ಬಾಕಿ ಲೆಕ್ಕಗಳನ್ನು ಲಿಖಿತವಾಗಿ ಹಸ್ತಾಂತರಿಸುವ ಪದ್ಧತಿ ಏಕೆ ಅಗತ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

1914ರಲ್ಲಿ ಆರಂಭವಾದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಕಥೆಯೂ ಗಮನಾರ್ಹ. ಇದರ 107ನೇ ಅಧಿವೇಶನ 2020ರ ಜನವರಿಯಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯಿತು. 108ನೆಯದು 2023ರ ಜನವರಿಯಲ್ಲಿ ನಾಗಪುರದಲ್ಲಿ ನಡೆಯಿತು. ಆದರೆ 2024ರ ಜನವರಿಯ ಅಧಿವೇಶನ ನಡೆಯಲೇ ಇಲ್ಲ. ಅದಕ್ಕೆ ಕಾರಣ ರೋಗವಲ್ಲ. ಅನುದಾನದ ವಿವಾದ ಮತ್ತು ಆತಿಥ್ಯ ವಹಿಸಬೇಕಿದ್ದ ವಿಶ್ವವಿದ್ಯಾಲಯ ಹಿಂದೆ ಸರಿದದ್ದು. ಒಮ್ಮೆ ಕಡಿದ ಪರಂಪರೆ ತಾನಾಗಿ ಕೂಡಿಕೊಳ್ಳುವುದಿಲ್ಲ ಎಂಬುದನ್ನು ಸಂಘಗಳು ಮರೆಯುವಂತಿಲ್ಲ.

ಮುಂಗಡ ಹಣ ಮತ್ತು ಕರಾರು

2020ರಲ್ಲಿ ಸಮ್ಮೇಳನ ರದ್ದಾದಾಗ ಸಂಘಟಕರನ್ನು ಮೊದಲು ಕಾಡಿದ್ದು ಸಭಾಂಗಣ, ಪೆಂಡಾಲ್ ಹಾಗೂ ಅಡುಗೆ ಗುತ್ತಿಗೆದಾರರಿಗೆ ನೀಡಿದ ಮುಂಗಡದ ಪ್ರಶ್ನೆ. 1872ರ ಭಾರತೀಯ ಕರಾರು ಅಧಿನಿಯಮದ 56ನೇ ಕಲಮಿನಂತೆ, ನೆರವೇರಿಸಲು ಅಸಾಧ್ಯವಾದ ಕರಾರು ಶೂನ್ಯವಾಗುತ್ತದೆ. ಶೂನ್ಯವಾದ ಕರಾರಿನಿಂದ ಪಡೆದ ಲಾಭವನ್ನು ಹಿಂದಿರುಗಿಸಬೇಕೆಂದು 65ನೇ ಕಲಮು ಹೇಳುತ್ತದೆ. ಆದರೆ ಕೇವಲ ಖರ್ಚು ಹೆಚ್ಚಾಯಿತು, ತೊಂದರೆಯಾಯಿತು ಎಂಬುದು ಅಸಾಧ್ಯತೆ ಆಗದೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಎನರ್ಜಿ ವಾಚ್‌ಡಾಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಸರ್ಕಾರ ನಿರ್ಬಂಧ ಹೇರಿದರೆ ಮುಂಗಡದ ಎಷ್ಟು ಭಾಗ ಮರಳಬೇಕು, ದಿನಾಂಕವನ್ನು ಎಷ್ಟು ಬಾರಿ ಬದಲಿಸಬಹುದು, ಯಾವ ದಿನದೊಳಗೆ ತಿಳಿಸಬೇಕು ಎಂಬುದನ್ನು ಕರಾರಿನಲ್ಲಿಯೇ ಬರೆಸಿಕೊಳ್ಳುವುದು ಕ್ಷೇಮ. ಪ್ರತಿನಿಧಿ ಶುಲ್ಕದ ವಾಪಸಾತಿ ನಿಯಮವನ್ನು ನೋಂದಣಿ ನಮೂನೆಯಲ್ಲಿಯೇ ಮುದ್ರಿಸಬೇಕು.

ಸರ್ವಸದಸ್ಯರ ಸಭೆ

ಅನೇಕ ಸಂಘಗಳು ವಾರ್ಷಿಕ ಸರ್ವಸದಸ್ಯರ ಸಭೆಯನ್ನು ಸಮ್ಮೇಳನದ ಜೊತೆಯಲ್ಲಿಯೇ ನಡೆಸುವ ವಾಡಿಕೆಯಿದೆ. ಸಮ್ಮೇಳನ ಮುಂದೂಡಲ್ಪಟ್ಟರೆ ಲೆಕ್ಕಪತ್ರದ ಅಂಗೀಕಾರ, ಪದಾಧಿಕಾರಿಗಳ ಆಯ್ಕೆ ಎಲ್ಲವೂ ತೂಗುಯ್ಯಾಲೆಯಲ್ಲಿ ಉಳಿಯುತ್ತವೆ. ವಿಡಿಯೊ ಮೂಲಕ ವಾರ್ಷಿಕ ಸಭೆ ನಡೆಸಲು ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯ 2020ರ ಮೇ 5ರ ಸುತ್ತೋಲೆಯಲ್ಲಿ ನೀಡಿದ ಅವಕಾಶ ಕಂಪನಿಗಳಿಗೆ ಸಂಬಂಧಿಸಿದ್ದು. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ನೋಂದಾಯಿತವಾದ ಸಂಘಗಳಿಗೆ ಅದು ತಾನಾಗಿ ಅನ್ವಯಿಸದು. ದೂರದಿಂದ ಹಾಜರಾತಿ, ಕೋರಂ, ಮತದಾನದ ಕ್ರಮಗಳನ್ನು ಬೈಲಾದಲ್ಲಿ ಸೇರಿಸಿ, ತಿದ್ದುಪಡಿಯನ್ನು ನೋಂದಣಾಧಿಕಾರಿಗಳಲ್ಲಿ ದಾಖಲಿಸಿಕೊಳ್ಳುವ ಕೆಲಸ ಶಾಂತ ಕಾಲದಲ್ಲಿಯೇ ಮುಗಿಯಬೇಕು.

ಸಭಾಂಗಣ, ಗಾಳಿ ಮತ್ತು ಊಟ

2020ರ ಅಕ್ಟೋಬರ್‌ನಲ್ಲಿ ನಿರ್ಬಂಧ ಸಡಿಲವಾದಾಗ ಮುಚ್ಚಿದ ಸಭಾಂಗಣಗಳಲ್ಲಿ ಅರ್ಧದಷ್ಟು ಆಸನ, ಗರಿಷ್ಠ 200 ಜನ ಎಂಬ ಮಿತಿಯಿತ್ತು. ಇಂದು ಆ ನಿಯಮಗಳಿಲ್ಲ. ತುರ್ತು ಸ್ಥಿತಿ ಕೊನೆಗೊಂಡಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಪ್ರಕಟಿಸಿತು. ಆದರೆ ಎಚ್ಚರದ ಕಾರಣಗಳು ಹೋಗಿಲ್ಲ. 2021ರ ನವೆಂಬರ್‌ನಲ್ಲಿ ಧಾರವಾಡದ ವೈದ್ಯಕೀಯ ಕಾಲೇಜೊಂದರಲ್ಲಿ ಸಮಾರಂಭದ ಬಳಿಕ 250ಕ್ಕೂ ಹೆಚ್ಚು ಮಂದಿಗೆ ಸೋಂಕು ದೃಢಪಟ್ಟಿತು. ಅವರಲ್ಲಿ ಬಹುತೇಕರು ಎರಡೂ ಡೋಸ್ ಲಸಿಕೆ ಪಡೆದವರಾಗಿದ್ದರು.

ಸೋಂಕು ಗಾಳಿಯಲ್ಲಿ ಹರಡುವುದರಿಂದ ಸ್ಯಾನಿಟೈಸರ್ ಬಾಟಲಿಗಿಂತ ತೆರೆದ ಕಿಟಕಿ ಹೆಚ್ಚು ಉಪಯುಕ್ತ. ಹೊರಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಪ್ರಮಾಣ ಸುಮಾರು 420 ಪಿಪಿಎಂ ಇರುತ್ತದೆ. ಸಭಾಂಗಣದೊಳಗೆ ಅದು 800 ಪಿಪಿಎಂ ಮೀರದಂತಿದ್ದರೆ ಗಾಳಿಯಾಟ ಚೆನ್ನಾಗಿದೆ ಎಂದು ಭಾವಿಸಬಹುದು. ಇದನ್ನು ಅಳೆಯುವ ಪುಟ್ಟ ಮಾಪಕಗಳು ಸುಲಭವಾಗಿ ದೊರೆಯುತ್ತವೆ. ಗೋಷ್ಠಿಗಳ ನಡುವೆ ಸಭಾಂಗಣವನ್ನು ತೆರವುಗೊಳಿಸುವುದು, ಊಟದ ವ್ಯವಸ್ಥೆಯನ್ನು ಬಯಲಿನ ಷಾಮಿಯಾನದಲ್ಲಿ ಮಾಡುವುದು, ನೋಂದಣಿ ಕೌಂಟರ್‌ಗಳನ್ನು ಜಿಲ್ಲಾವಾರು ವಿಂಗಡಿಸಿ ನೂಕುನುಗ್ಗಲು ತಪ್ಪಿಸುವುದು ಸೂಕ್ತ. ಹಿರಿಯ ಸದಸ್ಯರು ಹೆಚ್ಚಿರುವ ಸಂಘಗಳಲ್ಲಿ ಇದು ಜೀವದ ಪ್ರಶ್ನೆಯೂ ಹೌದು.

ಎದುರು ಕುಳಿತವರು, ಪರದೆಯಲ್ಲಿರುವವರು

ಬೆಂಗಳೂರು ತಂತ್ರಜ್ಞಾನ ಶೃಂಗಸಭೆ 2020ರಲ್ಲಿ ಆನ್‌ಲೈನ್ ಮೂಲಕ, 2021ರಲ್ಲಿ ಮಿಶ್ರ ರೂಪದಲ್ಲಿ ನಡೆದು, 2022ರ ನವೆಂಬರ್‌ನಲ್ಲಿ ಅರಮನೆ ಮೈದಾನಕ್ಕೆ ಮರಳಿತು. ಜನ ಮುಖಾಮುಖಿ ಭೇಟಿಯನ್ನೇ ಬಯಸುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ. ಹಾಗೆಂದು ಪರದೆಯ ದಾರಿಯನ್ನು ಮುಚ್ಚಬೇಕಿಲ್ಲ. ಪ್ರಯಾಣ ಮಾಡಲಾಗದ ಹಿರಿಯರಿಗೂ ಹೊರನಾಡ ಸದಸ್ಯರಿಗೂ ಅದೇ ಆಸರೆ. ಸಣ್ಣ ಸಂಘವೊಂದು ಎಲ್ಲ ಗೋಷ್ಠಿಗಳನ್ನೂ ಪ್ರಸಾರ ಮಾಡುವ ಬದಲು ಉದ್ಘಾಟನೆ, ಒಂದು ಮುಖ್ಯ ಗೋಷ್ಠಿ ಹಾಗೂ ಸರ್ವಸದಸ್ಯರ ಸಭೆಯನ್ನು ಆರಿಸಿಕೊಂಡರೆ ಸಾಕು. ದೂರದವರ ಪ್ರಶ್ನೆಗಳನ್ನು ವೇದಿಕೆಗೆ ತಲುಪಿಸಲು ಒಬ್ಬರನ್ನು ಪ್ರತ್ಯೇಕವಾಗಿ ನೇಮಿಸಬೇಕು. ಪರ್ಯಾಯ ಇಂಟರ್‌ನೆಟ್ ಸಂಪರ್ಕ ಮತ್ತು ಜನರೇಟರ್ ಸಿದ್ಧವಿರಬೇಕು.

ವಸಂತಪುರದಂತಹ ಬಡಾವಣೆಗಳಿಗೆ ಅವಕಾಶ

ಸಮ್ಮೇಳನವೆಂದರೆ ನಗರದ ನಡುವಿನ ದುಬಾರಿ ಸಭಾಂಗಣವೇ ಆಗಬೇಕೆಂದಿಲ್ಲ. 2021ರ ಜನವರಿ 14ರಂದು ನಮ್ಮ ಮೆಟ್ರೊ ಹಸಿರು ಮಾರ್ಗ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ವಿಸ್ತರಣೆಗೊಂಡಿತು. ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ ನಿಲ್ದಾಣಗಳು ವಸಂತಪುರಕ್ಕೆ ಸಮೀಪದಲ್ಲಿವೆ. ಮೆಜೆಸ್ಟಿಕ್‌ನಲ್ಲಿ ಬಸ್ಸು, ರೈಲು ಇಳಿದ ಪ್ರತಿನಿಧಿ ರೈಲು ಬದಲಿಸದೆ ಇಲ್ಲಿಗೆ ತಲುಪಬಹುದು. ಕನಕಪುರ ರಸ್ತೆಯ ಆಸುಪಾಸಿನ ಕಲ್ಯಾಣ ಮಂಟಪಗಳು ಮದುವೆ ಮುಹೂರ್ತಗಳಿಲ್ಲದ ಆಷಾಢ, ಧನುರ್ಮಾಸಗಳಲ್ಲಿ ಬಿಡುವಾಗಿರುವುದರಿಂದ ಬಾಡಿಗೆಯ ಚೌಕಾಸಿಗೂ ಅನುಕೂಲ.

ಕೊನೆಯದಾಗಿ ಆಪದ್ಧನ. ಪ್ರತಿ ಸಮ್ಮೇಳನದ ಉಳಿತಾಯದಲ್ಲಿ ಒಂದು ಪಾಲನ್ನು ಪ್ರತ್ಯೇಕ ಠೇವಣಿಯಾಗಿ ಇಟ್ಟರೆ, ಸಮ್ಮೇಳನ ನಡೆಯದ ವರ್ಷದಲ್ಲಿಯೂ ಕಚೇರಿ ಬಾಡಿಗೆ, ಗುಮಾಸ್ತರ ಸಂಬಳ ನಿಲ್ಲದು. 2020ರಲ್ಲಿ ಶುಲ್ಕವನ್ನೇ ನಂಬಿದ್ದ ಸಂಘಗಳಿಗೆ ಇಲ್ಲದೆ ಹೋದದ್ದು ಈ ಆಸರೆಯೇ.