ಹಲಸಿನ ಬೇಳೆಯ ಪ್ರೋಟೀನು: ರಚನೆ ಮತ್ತು ಕಾರ್ಯಗಳ ಅರಿವಿನ ಇತಿಹಾಸ

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ ಹೇರೂರು ಎಂಬ ಗ್ರಾಮವಿದೆ. ಅಡಿಕೆಯ ತೋಟ, ತೋಟಕ್ಕೆ ಸೊಪ್ಪನ್ನೊದಗಿಸುವ ಬೆಟ್ಟ, ಇವೆರಡರ ಆಸರೆಯಲ್ಲಿ ಮನೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಘಟ್ಟದ ಮೇಲಿನ ಸೀಮೆಯಲ್ಲೆಲ್ಲ ಕಾಣುವ ವ್ಯವಸ್ಥೆ ಇದು. ಹಿತ್ತಲಿನಲ್ಲಾಗಲಿ ಬೆಟ್ಟದಲ್ಲಾಗಲಿ ಹಲಸಿನ ಮರವಿಲ್ಲದ ಮನೆ ಇಲ್ಲಿ ವಿರಳ. ಬೇಸಗೆಯಲ್ಲಿ ಬಲಿತ ಕಾಯಿಯ ತೊಳೆಯಿಂದ ಹಪ್ಪಳವಾಗುತ್ತದೆ. ಹಣ್ಣಿನ ಕಾಲದಲ್ಲಿ ತೊಳೆಯನ್ನು ತಿಂದಮೇಲೆ ಉಳಿಯುವ ಬೀಜವನ್ನು, ಅಂದರೆ ಬೇಳೆಯನ್ನು, ಮಳೆಗಾಲಕ್ಕೆಂದು ಕೂಡಿಡುತ್ತಾರೆ. ಅದು ಹುಳಿಗೂ ಪಲ್ಯಕ್ಕೂ ಬೀಳುತ್ತದೆ. ಮಕ್ಕಳ ಪಾಲಿಗೆ ಬಚ್ಚಲ ಒಲೆಯ ಕೆಂಡದಲ್ಲಿ ಸುಟ್ಟ ಬೇಳೆಯೇ ಸಾಕು. ಹಸಿಯದನ್ನು ಮಾತ್ರ ಯಾರೂ ತಿನ್ನುವುದಿಲ್ಲ.

ಈ ಬೇಳೆಯಲ್ಲಿರುವ ಒಂದು ಪ್ರೋಟೀನು ಕಳೆದ ಶತಮಾನದ ಕೊನೆಯ ದಶಕದಲ್ಲಿ ಬೆಂಗಳೂರಿನ ಪ್ರಯೋಗಶಾಲೆಯೊಂದರಲ್ಲಿ ತನ್ನ ಆಕಾರವನ್ನು ಬಿಟ್ಟುಕೊಟ್ಟಿತು. ಆ ವೃತ್ತಾಂತವನ್ನು ಇಲ್ಲಿ ನಿರೂಪಿಸಲು ಹೊರಟಿದ್ದೇವೆ. ನಮ್ಮ ಕಾಲೇಜುಗಳಲ್ಲಿ ಪ್ರೋಟೀನಿನ ಪಾಠವು ಸಾಮಾನ್ಯವಾಗಿ ಒಂದು ಸೂತ್ರದಿಂದ ಮೊದಲಾಗುತ್ತದೆ: ಅಮೈನೋ ಆಮ್ಲಗಳ ಸರಣಿಯು ಆಕಾರವನ್ನು ನಿರ್ಧರಿಸುತ್ತದೆ, ಆಕಾರವು ಕಾರ್ಯವನ್ನು ನಿರ್ಧರಿಸುತ್ತದೆ. ಸೂತ್ರ ಸುಳ್ಳಲ್ಲ. ಆದರೆ ವಿದ್ಯಾರ್ಥಿಯು ಇದನ್ನೇ ಇತಿಹಾಸದ ಕ್ರಮವೆಂದೂ ಜೀವಕೋಶದ ಪೂರ್ಣ ಕ್ರಮವೆಂದೂ ಭಾವಿಸಿದರೆ ಎರಡು ಕಡೆಯೂ ತಪ್ಪುತ್ತಾನೆ. ಹಲಸಿನ ಬೇಳೆ ಅದಕ್ಕೆ ಒಳ್ಳೆಯ ಸಾಕ್ಷಿ.

ಮೊದಲು ಹೆಸರಿನ ಮಾತು. ಡಚ್ ರಸಾಯನಶಾಸ್ತ್ರಜ್ಞ ಮುಲ್ಡರ್ 1838ರಲ್ಲಿ, ಬರ್ಜೀಲಿಯಸನ ಸೂಚನೆಯಂತೆ, ಪ್ರೋಟೀನು ಎಂಬ ಪದವನ್ನು ಬಳಕೆಗೆ ತಂದನು. ಮೊದಲನೆಯದು, ಪ್ರಧಾನವಾದುದು ಎಂಬರ್ಥದ ಗ್ರೀಕ್ ಶಬ್ದ ಅದರ ಮೂಲ. ಕನ್ನಡದ ಹಳೆಯ ಪಠ್ಯಪುಸ್ತಕಗಳು ಇದನ್ನು ಸಸಾರಜನಕವೆಂದು ಕರೆದವು; ಸಾರಜನಕದಿಂದ ಕೂಡಿದ್ದು ಎಂದು ಅರ್ಥ. ಗ್ರೀಕ್ ಪದ ಸ್ಥಾನವನ್ನು ಹೊಗಳುತ್ತದೆ, ನಮ್ಮ ಪದ ಘಟಕವನ್ನು ಹೇಳುತ್ತದೆ. ಆಕಾರದ ಸುಳಿವು ಎರಡರಲ್ಲೂ ಇಲ್ಲ. ಇರಲು ಶಕ್ಯವೂ ಇರಲಿಲ್ಲ. ಪ್ರೋಟೀನಿಗೆ ಖಚಿತವಾದ ಆಕಾರವೊಂದಿದೆ ಎಂಬ ನಂಬಿಕೆ ಬಲಿಯಲು ಇನ್ನೂ ನೂರು ವರ್ಷ ಬೇಕಾಯಿತು.

ಆ ನಂಬಿಕೆಗೆ ಒಂದು ಆಧಾರ ದೊರೆತದ್ದು ಬೇಯಿಸುವ ಕ್ರಿಯೆಯಿಂದಲೇ. ಮೊಟ್ಟೆಯ ಬಿಳಿಭಾಗ ಕಾಯಿಸಿದಾಗ ಹೆಪ್ಪುಗಟ್ಟುವುದೇಕೆ ಎಂಬ ಪ್ರಶ್ನೆಗೆ ಚೀನದ ಶಿಯೆನ್ ವೂ 1931ರಲ್ಲಿ ಉತ್ತರ ಕೊಟ್ಟನು: ಬಿಸಿಯಿಂದ ಪ್ರೋಟೀನಿನ ಸರಪಣಿ ಕಡಿಯುವುದಿಲ್ಲ, ಅದರ ಮಡಿಕೆ ಬಿಚ್ಚುತ್ತದೆ. 1936ರಲ್ಲಿ ಅಮೆರಿಕದ ಮಿರ್‌ಸ್ಕಿ ಮತ್ತು ಪಾಲಿಂಗರೂ ಇದೇ ಅಭಿಪ್ರಾಯಕ್ಕೆ ಬಂದರು. ಬೇಯಿಸಿದ ಬೇಳೆಯಲ್ಲಿ ಅಮೈನೋ ಆಮ್ಲಗಳೆಲ್ಲ ಇದ್ದಲ್ಲೇ ಇವೆ, ಸರಣಿ ಬದಲಾಗಿಲ್ಲ. ಆದರೆ ಹಸಿಯ ಬೇಳೆಯಲ್ಲಿ ಜೀರ್ಣಕ್ಕೆ ಅಡ್ಡಿಯಾಗುತ್ತಿದ್ದ ಪ್ರೋಟೀನುಗಳ ಶಕ್ತಿ ಉಡುಗಿರುತ್ತದೆ. ಆಕಾರ ಹೋಯಿತು, ಕಾರ್ಯವೂ ಹೋಯಿತು. ಅಡಿಗೆಮನೆಯಲ್ಲಿ ಈ ಪ್ರಯೋಗ ನಿತ್ಯ ನಡೆಯುತ್ತದೆ, ಅದಕ್ಕೆ ಪ್ರಯೋಗವೆಂಬ ಹೆಸರಿಲ್ಲ ಅಷ್ಟೆ.

ನಮ್ಮ ಬೇಳೆಯ ಪ್ರೋಟೀನು ಲೆಕ್ಟಿನ್ ಎಂಬ ವರ್ಗಕ್ಕೆ ಸೇರಿದ್ದು. ಈ ವರ್ಗದ ಇತಿಹಾಸ ಆಕಾರದಿಂದಲ್ಲ, ಕಾರ್ಯದಿಂದ ಆರಂಭವಾಗುತ್ತದೆ. 1888ರಲ್ಲಿ ದೋರ್ಪಾತ್ ವಿಶ್ವವಿದ್ಯಾಲಯದ ಸ್ಟಿಲ್‌ಮಾರ್ಕ್ ಎಂಬ ವಿದ್ಯಾರ್ಥಿ ತನ್ನ ಪ್ರೌಢಪ್ರಬಂಧದಲ್ಲಿ ಹರಳುಬೀಜದ ಸಾರವು ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸಿ ಗುಂಪುಗೂಡಿಸುತ್ತದೆಂದು ತೋರಿಸಿದನು. ಅಂಟಿಸುವ ವಸ್ತು ಯಾವುದನ್ನು ಹಿಡಿಯುತ್ತದೆ ಎಂಬುದು ಬಹುಕಾಲ ತಿಳಿಯಲಿಲ್ಲ. ಅಮೆರಿಕದ ಜೇಮ್ಸ್ ಸಮ್ನರ್ ಜ್ಯಾಕ್ ಬೀನ್ ಎಂಬ ಅವರೆಯ ಬಳಗದ ಕಾಳಿನಿಂದ 1919ರಲ್ಲಿ ಇಂಥ ಪ್ರೋಟೀನೊಂದನ್ನು ಸ್ಫಟಿಕರೂಪದಲ್ಲಿ ಪಡೆದನು. ಹೆಸರು ಹತ್ತಿರವಾದರೂ ಈ ಕಾಳಿಗೂ ಹಲಸಿಗೂ ನೆಂಟಸ್ತಿಕೆ ಇಲ್ಲ. ಅದೇ ಕಾಳಿನಿಂದ 1926ರಲ್ಲಿ ಯೂರಿಯೇಸ್ ಎಂಬ ಕಿಣ್ವವನ್ನು ಸ್ಫಟಿಕೀಕರಿಸಿ, ಕಿಣ್ವಗಳು ಪ್ರೋಟೀನುಗಳೇ ಎಂದು ಸಾಧಿಸಿದನು. ಹುಡುಗನಾಗಿದ್ದಾಗಲೇ ಒಂದು ಕೈಯನ್ನು ಕಳೆದುಕೊಂಡಿದ್ದವನು. 1946ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದನು. 1936ರಲ್ಲಿ ಆತನೂ ಹೋವೆಲನೂ ಒಂದು ಸಣ್ಣ ವಿಷಯವನ್ನು ಗಮನಿಸಿದರು: ದ್ರಾವಣಕ್ಕೆ ಕಬ್ಬಿನ ಸಕ್ಕರೆಯನ್ನು ಬೆರೆಸಿದರೆ ರಕ್ತಕಣಗಳ ಗುಂಪುಗೂಡುವಿಕೆ ನಿಲ್ಲುತ್ತದೆ. ಅಂದಮೇಲೆ ಪ್ರೋಟೀನು ಹಿಡಿಯುತ್ತಿದ್ದುದು ಜೀವಕೋಶದ ಹೊರಮೈ ಮೇಲಿನ ಸಕ್ಕರೆಯನ್ನು. 1954ರಲ್ಲಿ ಬಾಯ್ಡ್ ಈ ವರ್ಗಕ್ಕೆ ಲೆಕ್ಟಿನ್ ಎಂದು ಹೆಸರಿಟ್ಟನು. ಆರಿಸಿಕೊಳ್ಳು ಎಂಬರ್ಥದ ಲ್ಯಾಟಿನ್ ಧಾತು ಅದರಲ್ಲಿದೆ. ಯಾವ ಸಕ್ಕರೆಯನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಆರಿಸುವುದೇ ಲೆಕ್ಟಿನಿನ ವ್ಯಾಪಾರ. ಅದು ಹೇಗೆ ಆರಿಸುತ್ತದೆ? ಈ ಪ್ರಶ್ನೆಗೆ ಆಕಾರವನ್ನು ಕಾಣದೆ ಉತ್ತರವಿರಲಿಲ್ಲ.

ಆಕಾರವನ್ನು ಕಾಣುವ ವಿದ್ಯೆ ಬೆಂಗಳೂರಿಗೆ ಬಂದ ದಾರಿ ಕೊಂಚ ಸುತ್ತಿನದು. ಗೋ. ನಾ. ರಾಮಚಂದ್ರನ್ 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರಶಾಸ್ತ್ರ ವಿಭಾಗವನ್ನು ಸೇರಿ, ಚಂದ್ರಶೇಖರ ವೆಂಕಟರಾಮನ್ ಅವರ ಸೆಳೆತಕ್ಕೆ ಸಿಕ್ಕಿ ಭೌತಶಾಸ್ತ್ರಕ್ಕೆ ಬಂದವರು. ಕೇಂಬ್ರಿಜ್‌ನಿಂದ ಮರಳಿ ಕೆಲಕಾಲ ಬೆಂಗಳೂರಿನಲ್ಲಿದ್ದು, 1952ರಲ್ಲಿ ಮದರಾಸು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಅಲ್ಲಿ ಅವರೂ ಗೋಪಿನಾಥ ಕರ್ತಾ ಅವರೂ 1954 ಮತ್ತು 1955ರಲ್ಲಿ ಕೊಲಾಜನ್ ಎಂಬ ಪ್ರೋಟೀನಿಗೆ ಮುಪ್ಪುರಿಯ ರಚನೆಯನ್ನು ಸೂಚಿಸಿದರು. ಚರ್ಮ, ಸ್ನಾಯುರಜ್ಜು, ಮೂಳೆಗಳಿಗೆ ಬಿಗಿ ಕೊಡುವ ಪ್ರೋಟೀನು ಇದು. ಮೂರು ಎಳೆಗಳನ್ನು ಹೊಸೆದ ಹಗ್ಗದಂತಿದೆ. ಎಳೆಗಳು ಒತ್ತಾಗಿ ಕೂಡಬೇಕಾದರೆ ಪ್ರತಿಯೊಂದು ಎಳೆಯಲ್ಲೂ ಮೂರಕ್ಕೊಂದರಂತೆ ಗ್ಲೈಸೀನ್ ಇರಲೇಬೇಕು. ಪಕ್ಕದ ಕವಲಾಗಿ ಒಂದೇ ಜಲಜನಕ ಪರಮಾಣುವುಳ್ಳ ಅತಿ ಚಿಕ್ಕ ಅಮೈನೋ ಆಮ್ಲ ಅದೊಂದೇ. ಈ ಗ್ಲೈಸೀನನ್ನು ವಾಚಕರು ನೆನಪಿನಲ್ಲಿಡಬೇಕು. ಹಲಸಿನ ಬೇಳೆಯಲ್ಲಿ ಮತ್ತೆ ಬರುತ್ತದೆ.

ಕೊಲಾಜನಿನ ಮಾದರಿಯಲ್ಲಿ ಕೆಲವು ಪರಮಾಣುಗಳು ತೀರ ಸಮೀಪಕ್ಕೆ ಬರುತ್ತವೆಂದು ಇಂಗ್ಲೆಂಡಿನಿಂದ ಆಕ್ಷೇಪ ಬಂದಿತು. ಎಷ್ಟು ಸಮೀಪವನ್ನು ಸಹಿಸಬಹುದು ಎಂದು ಲೆಕ್ಕ ಹಾಕಲು ಹೊರಟ ರಾಮಚಂದ್ರನ್, ರಾಮಕೃಷ್ಣನ್, ಶಶಿಶೇಖರನ್ ಅವರು 1963ರಲ್ಲಿ ಪ್ರಕಟಿಸಿದ ನಕ್ಷೆ ಇಂದು ರಾಮಚಂದ್ರನ್ ನಕ್ಷೆಯೆಂದು ಲೋಕಪ್ರಸಿದ್ಧ. ಸರಪಣಿಯ ಪ್ರತಿಯೊಂದು ಕೊಂಡಿಯೂ ಎರಡು ಕಡೆ ಮಾತ್ರ ತಿರುಗಬಲ್ಲದು. ಆ ಎರಡು ಕೋನಗಳ ಜೋಡಿಗಳಲ್ಲಿ ಬಹುಪಾಲು ನಿಷಿದ್ಧ, ಏಕೆಂದರೆ ಪರಮಾಣುಗಳು ಒಂದಕ್ಕೊಂದು ಇಟ್ಟಾಡುತ್ತವೆ. ಆಕ್ಷೇಪಕ್ಕೆ ಸಮಾಧಾನ ಹೇಳಲು ಹೊರಟದ್ದು ಎಲ್ಲ ಪ್ರೋಟೀನುಗಳ ವ್ಯಾಕರಣವಾಯಿತು. ಯಾವ ದೇಶದಲ್ಲೇ ಆಗಲಿ, ಹೊಸ ಪ್ರೋಟೀನಿನ ರಚನೆಯನ್ನು ಬಿಡಿಸಿದವರು ಅದನ್ನು ಈ ನಕ್ಷೆಯ ಮುಂದೆ ನಿಲ್ಲಿಸಿ ಪರೀಕ್ಷಿಸುತ್ತಾರೆ. 1971ರಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಸ್ಥಾಪಿಸಿದರು.

ಅದೇ ವರ್ಷ ಆಕ್ಸ್‌ಫರ್ಡಿನಿಂದ ಎಂ. ವಿಜಯನ್ ಬಂದರು. ಡೊರೊತಿ ಹಾಜ್‌ಕಿನ್ ಅವರ ತಂಡದಲ್ಲಿ, 1969ರಲ್ಲಿ ಇನ್ಸುಲಿನ್ನಿನ ರಚನೆಯನ್ನು ಬಿಡಿಸಿದವರಲ್ಲಿ ಅವರೂ ಒಬ್ಬರು. ಇಲ್ಲಿ ಅವರಿಗೆ ಪ್ರೋಟೀನು ಸ್ಫಟಿಕಗಳ ಕೆಲಸಕ್ಕೆ ಬೇಕಾದ ಸಲಕರಣೆ ಕೂಡಲೇ ದೊರೆಯಲಿಲ್ಲ. ಚಿಕ್ಕ ಅಣುಗಳ ಮೇಲೆ ಕೆಲಸಮಾಡುತ್ತ ಕಾದರು. ಅವರೂ ಅವಧೇಶ ಸುರೋಲಿಯಾ ಅವರೂ ಸೇರಿ ಕೈಗೆತ್ತಿಕೊಂಡ ನೆಲಗಡಲೆಯ ಲೆಕ್ಟಿನಿನ ಸ್ಫಟಿಕ 1982ರಲ್ಲಿ ವರದಿಯಾಯಿತು. ರಚನೆ ಪ್ರಕಟವಾದದ್ದು 1994ರಲ್ಲಿ. ಹನ್ನೆರಡು ವರ್ಷ. ಸಂಶೋಧನೆಗೆ ಮೂರು ವರ್ಷದ ಗಡುವು ಹಾಕುವ ನಮ್ಮ ಇಂದಿನ ಪದ್ಧತಿಯನ್ನು ಬಲ್ಲವರು ಈ ಅಂತರವನ್ನು ಗಮನಿಸತಕ್ಕದ್ದು.

ನೆಲಗಡಲೆಯ ಜೊತೆಯಲ್ಲೇ ಹಲಸೂ ಬಂದಿತು. ಹಲಸಿನ ಬೀಜದ ಗ್ಯಾಲಕ್ಟೋಸ್ ಹಿಡಿಯುವ ಲೆಕ್ಟಿನನ್ನು 1982ರಲ್ಲಿ ತಿರುವನಂತಪುರದ ಸಂಶೋಧಕರು ವರ್ಣಿಸಿದ್ದರು. ಆದರೆ ಅದಕ್ಕೆ ನಿಂತ ಹೆಸರು 1985ರಲ್ಲಿ ಬ್ರೆಜಿಲಿನಿಂದ ಬಂದ ಜಾಕಲಿನ್. ಮಲೆಯಾಳದ ಚಕ್ಕ ಎಂಬ ಶಬ್ದವನ್ನು ಪೋರ್ತುಗೀಸರು ಜಾಕ ಎಂದರು; ಮರವನ್ನೂ ಶಬ್ದವನ್ನೂ ಹಡಗಿನಲ್ಲಿ ಬ್ರೆಜಿಲಿಗೆ ಒಯ್ದರು; ಅಲ್ಲಿಂದ ಪ್ರೋಟೀನಿನ ಹೆಸರಾಗಿ ಅದು ನಮ್ಮಲ್ಲಿಗೆ ತಿರುಗಿ ಬಂದಿತು. ನಾವೇ ಹೆಸರಿಟ್ಟಿದ್ದರೆ ಹಲಸಿನ್ ಎನ್ನಬಹುದಾಗಿತ್ತು, ವ್ಯಾಕರಣಕ್ಕೂ ಹೆಚ್ಚು ಶ್ರಮವಿರಲಿಲ್ಲ! ಬ್ರೆಜಿಲಿನ ರೋಕೆ ಬರೇರಾ ಮತ್ತು ಕಂಪೋಸ್ ನೆಟೋ ಅವರು ತೋರಿಸಿದ ವಿಷಯ ಮುಖ್ಯವಾದದ್ದು: ಮನುಷ್ಯನ ರಕ್ತದ ರಕ್ಷಕ ಪ್ರೋಟೀನುಗಳಲ್ಲಿ ಐಜಿಎ ಎಂಬುದನ್ನು ಜಾಕಲಿನ್ ಹಿಡಿಯುತ್ತದೆ. ಅದರಲ್ಲೂ ಐಜಿಎ1 ಎಂಬ ಪ್ರಭೇದವನ್ನು ರಕ್ತರಸದಿಂದ ಬೇರ್ಪಡಿಸಲು ಪ್ರಯೋಗಶಾಲೆಗಳು ಇಂದೂ ಜಾಕಲಿನನ್ನು ಬಳಸುತ್ತವೆ.

1996ರಲ್ಲಿ ಬೆಂಗಳೂರಿನ ತಂಡ ಗ್ಯಾಲಕ್ಟೋಸ್ ಸಹಿತವಾದ ಜಾಕಲಿನಿನ ರಚನೆಯನ್ನು ಪ್ರಕಟಿಸಿತು. ಪ್ರಥಮ ಲೇಖಕರು ಆರ್. ಶಂಕರನಾರಾಯಣನ್. ಸುಮಾರು 66,000 ಅಣುತೂಕದ ಈ ಪ್ರೋಟೀನು ನಾಲ್ಕು ಸಮಾನ ಘಟಕಗಳ ಕೂಟ. ಒಂದೊಂದು ಘಟಕದಲ್ಲೂ ಮೂರು ಹಾಳೆಗಳು; ಒಂದೊಂದು ಹಾಳೆಯಲ್ಲೂ ನಾಲ್ಕು ಎಳೆಗಳು; ಮೂರು ಹಾಳೆಗಳು ಸೇರಿ ಅಶ್ರಗದ ಮೂರು ಮುಖಗಳಂತೆ ನಿಂತಿವೆ. ಲೆಕ್ಟಿನುಗಳಲ್ಲಿ ಇಂಥ ವಿನ್ಯಾಸ ಅದುವರೆಗೆ ಕಂಡಿರಲಿಲ್ಲ.

ವಿನ್ಯಾಸಕ್ಕಿಂತಲೂ ನಮ್ಮನ್ನು ಹಿಡಿದು ನಿಲ್ಲಿಸುವುದು ಸಕ್ಕರೆ ಕುಳಿತಿರುವ ಸ್ಥಳ. ಜಾಕಲಿನಿನ ಪ್ರತಿ ಘಟಕದಲ್ಲೂ ಎರಡು ಸರಪಣಿಗಳಿವೆ: ಒಂದು 133 ಅಮೈನೋ ಆಮ್ಲಗಳದು, ಇನ್ನೊಂದು ಕೇವಲ 20ರದು. ಆದರೆ ಮರದ ಜೀವಕೋಶ ಮೊದಲು ನೇಯುವುದು ಒಂದೇ ಉದ್ದನೆಯ ಸರಪಣಿಯನ್ನು. ನೇಯ್ದ ಮೇಲೆ ಅದನ್ನು ಒಂದು ಸ್ಥಳದಲ್ಲಿ ಕತ್ತರಿಸಿ, ನಡುವಿನ ನಾಲ್ಕು ಅಮೈನೋ ಆಮ್ಲಗಳನ್ನು ತೆಗೆದುಹಾಕುತ್ತದೆ. ಎರಡು ತುಂಡುಗಳೂ ಬೇರೆಯಾಗದೆ ಒಂದೇ ಅಶ್ರಗದಲ್ಲಿ ಉಳಿಯುತ್ತವೆ. ಕತ್ತರಿಸಿದ್ದರಿಂದ ಉದ್ದ ಸರಪಣಿಗೆ ಹೊಸದೊಂದು ತುದಿ ಒದಗಿತು. ಆ ತುದಿಯಲ್ಲಿರುವುದು ಗ್ಲೈಸೀನ್. ಈ ಗ್ಲೈಸೀನಿನ ಬಿಡುಗಡೆಗೊಂಡ ಅಮೈನೋ ಗುಂಪೇ ಗ್ಯಾಲಕ್ಟೋಸಿಗೆ ಕೈಕೊಟ್ಟು ಹಿಡಿಯುತ್ತದೆ. 125ನೆಯ ಸ್ಥಾನದ ಆಸ್ಪಾರ್ಟಿಕ್ ಆಮ್ಲ ಮುಂತಾದವು ಜೊತೆಗೂಡುತ್ತವೆ. ಸರಪಣಿ ಅಖಂಡವಾಗಿದ್ದರೆ ಆ ಕೈ ಇರುತ್ತಿರಲಿಲ್ಲ.

ಇದು ಕೇವಲ ಊಹೆಯಲ್ಲವೇ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಉತ್ತರವನ್ನು ಅದೇ ಬೇಳೆ ಇಟ್ಟುಕೊಂಡಿತ್ತು. ಹಲಸಿನ ಬೀಜದಲ್ಲಿ ಆರ್ಟೋಕಾರ್ಪಿನ್ ಎಂಬ ಮತ್ತೊಂದು ಲೆಕ್ಟಿನ್ ಇದೆ. 2002ರಲ್ಲಿ ಬೆಂಗಳೂರಿನವರೇ ಅದರ ರಚನೆಯನ್ನೂ ಬಿಡಿಸಿದರು. ಅದೇ ಅಶ್ರಗ, ಅದೇ ನಾಲ್ಕು ಘಟಕಗಳು. ಸರಣಿಯಲ್ಲೂ ದಾಯಾದಿ ಸಂಬಂಧ ಸ್ಪಷ್ಟ. ಆದರೆ ಇದರ ಸರಪಣಿಯನ್ನು ಮರ ಕತ್ತರಿಸುವುದಿಲ್ಲ. ಹೀಗಿರಲು ಇದು ಗ್ಯಾಲಕ್ಟೋಸನ್ನು ಬಿಟ್ಟು ಮ್ಯಾನೋಸನ್ನು ಹಿಡಿಯುತ್ತದೆ. ಈ ಎರಡು ಸಕ್ಕರೆಗಳಲ್ಲಿ ಪರಮಾಣುಗಳ ಸಂಖ್ಯೆ ಒಂದೇ. ಎರಡು ಇಂಗಾಲಗಳ ಬಳಿ ಗುಂಪುಗಳ ದಿಕ್ಕು ಮಾತ್ರ ಬೇರೆ. ಒಂದೇ ಮರ, ಒಂದೇ ಬೀಜ, ಒಂದೇ ಮಡಿಕೆ. ಒಂದು ಕತ್ತರಿಯ ಗಾಯದಿಂದ ರುಚಿ ಬದಲಾಯಿತು. ಸರಣಿಯು ಆಕಾರವನ್ನು, ಆಕಾರವು ಕಾರ್ಯವನ್ನು ನಿರ್ಧರಿಸುತ್ತದೆ ಎಂಬ ಸೂತ್ರದ ನಡುವೆ ಜೀವಕೋಶ ತನ್ನ ಕೈಯನ್ನು ಹೀಗೆ ಆಡಿಸುತ್ತದೆ. ಸರಣಿಯನ್ನಷ್ಟೇ ಓದಿ ಆಕಾರವನ್ನು ಹೇಳುವ ಗಣಕವಿಧಾನಕ್ಕೆ 2024ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ಸಂದಿದೆ, ಅದು ಯೋಗ್ಯವೇ. ಆದರೆ ಸರಪಣಿ ಎಲ್ಲಿ ಕತ್ತರಿಸಲ್ಪಡುತ್ತದೆ ಎಂಬುದನ್ನು ತಿಳಿಯಲು ಬೀಜವನ್ನೇ ಅರೆದು ನೋಡಬೇಕಾಯಿತು.

ಜಾಕಲಿನಿನ ಮತ್ತೊಂದು ಗುಣ ವೈದ್ಯರ ಗಮನ ಸೆಳೆದಿದೆ. ಅನೇಕ ಬಗೆಯ ಅರ್ಬುದದ ಜೀವಕೋಶಗಳ ಮೇಲೆ ಟಿ ಪ್ರತಿಜನಕವೆಂಬ ಸಕ್ಕರೆಯ ಜೋಡಿ ತೆರೆದು ಕಾಣುತ್ತದೆ. ಆರೋಗ್ಯದ ಕೋಶಗಳಲ್ಲಿ ಅದು ಬೇರೆ ಸಕ್ಕರೆಗಳಡಿ ಮುಚ್ಚಿರುತ್ತದೆ. ಜಾಕಲಿನ್ ಇದನ್ನು ಹಿಡಿದ ಸ್ಥಿತಿಯ ಚಿತ್ರವನ್ನೂ 2002ರಲ್ಲಿ ಬೆಂಗಳೂರಿನ ತಂಡ ಕೊಟ್ಟಿದೆ. ಇದು ಗುರುತಿಸುವ ಉಪಕರಣ. ಬೇಳೆಯನ್ನು ತಿಂದರೆ ಅರ್ಬುದ ಗುಣವಾಗುತ್ತದೆಂದು ಅಲ್ಲಲ್ಲಿ ಅಚ್ಚಾಗುವ ಮಾತಿಗೆ ಇದರಿಂದ ಆಧಾರ ದೊರೆಯುವುದಿಲ್ಲ. ಕುದಿಯುವ ಹುಳಿಯಲ್ಲಿ ಆ ಅಶ್ರಗ ಉಳಿದಿರುವುದಿಲ್ಲವೆಂದು ಮೇಲೆಯೇ ಹೇಳಿದೆವು.

ಇನ್ನು ಮರದ ಪಕ್ಷದಿಂದ ಒಂದು ಪ್ರಶ್ನೆ. ಮನುಷ್ಯನ ಐಜಿಎ1ರಿಂದ ಹಲಸಿಗೆ ಆಗಬೇಕಾದುದೇನು? ಬೀಜದ ಸಾರದಲ್ಲಿರುವ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಕಲಿನ್ನೇ ಆಗಿದೆ. ಇಷ್ಟು ವೆಚ್ಚವನ್ನು ಮರ ಸುಮ್ಮನೆ ಮಾಡಲಾರದು. ಮೊಳಕೆಗೆ ಬೇಕಾದ ಸಾರಜನಕದ ಸಂಗ್ರಹವೆಂದು ಕೆಲವರು, ಕೀಟ ಮತ್ತು ಬೂಷ್ಟಿನಿಂದ ರಕ್ಷಣೆಯೆಂದು ಕೆಲವರು ಹೇಳುತ್ತಾರೆ; ಚರ್ಚೆ ಮುಗಿದಿಲ್ಲ. ಜಾಕಲಿನಿನ ಕುಲಕ್ಕೆ ಸೇರಿದ, ಮ್ಯಾನೋಸನ್ನು ಹಿಡಿಯುವ ಪ್ರೋಟೀನೊಂದು ಭತ್ತದಲ್ಲೂ ಇದೆ. ಸಸ್ಯಕ್ಕೆ ಉಪ್ಪಿನ ಬಾಧೆ ತಟ್ಟಿದಾಗ ಅದು ಹೆಚ್ಚಾಗಿ ಹುಟ್ಟುತ್ತದೆ. ಹೇರೂರಿನಿಂದ ಘಟ್ಟವಿಳಿದರೆ ಕುಮಟೆಯ ಕಡೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಕಗ್ಗದಲ್ಲಿ ಈ ಪ್ರೋಟೀನು ಎಷ್ಟು, ಯಾವ ಹಂತದಲ್ಲಿ ಹುಟ್ಟುತ್ತದೆ ಎಂಬುದನ್ನು ಅಳೆಯಲು ದೊಡ್ಡ ಸಲಕರಣೆ ಬೇಕಾಗಿಲ್ಲ. ಮುಂದಿನ ವರ್ಷದ ಪ್ರಬಂಧಕ್ಕೆ ವಿಷಯವನ್ನರಸುತ್ತಿರುವ ವಿದ್ಯಾರ್ಥಿಗಳು ಒಂದು ಸೇರು ಬಿತ್ತನೆಯ ಕಗ್ಗದಿಂದ ಆರಂಭಿಸಬಹುದು.